ಕಾರಿಲ್ಲದೆ ಫ್ಯಾವರ್ಶಮ್ ಮತ್ತು ಅದರ ಸೇಬಿನ ತೋಟಗಳು: ನಾಲ್ಕನೇ ಸಲಕ್ಕೆ ಕೊನೆಗೂ ಕೈಗೂಡಿದ್ದು

ಲಂಡನ್ ಪಕ್ಕದ ಸ್ಲೌನಲ್ಲಿರೋ ನಮ್ಮ ಕನ್ನಡದ ಗ್ರೂಪ್‌ನಲ್ಲಿ ನಾನು ಫ್ಯಾವರ್ಶಮ್ ಮಾತು ತೆಗೆದಾಗಲೆಲ್ಲ ಎಲ್ಲರದ್ದೂ ಒಂದೇ ರಾಗ, ಕೆಂಟ್ ಕಡೆ ತೋಟ ನೋಡ್ಬೇಕಂದ್ರೆ ಕಾರ್ ಇಲ್ದೆ ಆಗಲ್ಲ ಮಾರಾಯ, ಅಪ್ಪ ಅಮ್ಮನ್ನ ಕರ್ಕೊಂಡು ಸುಮ್ನೆ ಕಾಟ್ಸ್‌ವೋಲ್ಡ್ಸ್ ಹಳ್ಳಿ ಸುತ್ತಿಸೋ ಟೂರ್ ಬಸ್ ಹತ್ತು ಅಂತ. ನಾನು ಹತ್ತಲಿಲ್ಲ. ಮೂರು ಸಲ ಸೋತೆ, ದುಡ್ಡೂ ಹೋಯ್ತು, ಆದ್ರೆ ಹೋದ ಏಪ್ರಿಲ್ ಕೊನೇ ಶನಿವಾರ ಆಗಿದ್ದು ನೋಡಿದ್ಮೇಲೆ ಬರೀಲೇಬೇಕು ಅನ್ನಿಸ್ತು. ರೈಲ್‌ಕಾರ್ಡು, ಶೂ, ರೇನ್‌ಕೋಟು ಇದೆಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬಿಡ್ತೀನಿ.

ಮೊದಲ್ನೇ ಸಲ ಫೆಬ್ರವರಿ, ಅದೂ ಸೋಮವಾರ, ರಜೆ ಉಳಿದಿತ್ತು ಅಂತ ಹೋಗಿದ್ದು. ಫ್ಯಾವರ್ಶಮ್ ಕೆಂಟ್‌ನ ಒಂದು ಸಂತೆ ಊರು, ಸಂತೆ ಕೂಡೋದು ಮಂಗಳವಾರ, ಶುಕ್ರವಾರ, ಶನಿವಾರ. ಸೋಮವಾರ ಗಿಲ್ಡ್‌ಹಾಲ್ ಕೆಳಗಿನ ಮರದ ಕಂಬಗಳ ಮಧ್ಯೆ ನಾನು, ನನ್ನ ಹೆಂಡ್ತಿ, ಒಂದಷ್ಟು ಪಾರಿವಾಳ ಅಷ್ಟೇ. ಆ ಕಟ್ಟಡ 1574ರಲ್ಲಿ ಸಂತೆಗೆ ಅಂತಾನೇ ಕಟ್ಟಿದ್ದು, ಮೇಲಿನ ಭಾಗ ಆಮೇಲಿನದ್ದು, ಕೆಳಗೆ ಜನ ಇಲ್ದಿದ್ರೆ ಅದನ್ನ ನೋಡಿದಂಗೇ ಅಲ್ಲ. ಆಮೇಲೆ ಟ್ಯಾಕ್ಸಿ ಮಾಡ್ಕೊಂಡು ತೋಟದ ಕಡೆ ಹೋದ್ವಿ, ಎಲ್ಲ ಬೋಳು ಮರ, ಮೊಣಕಾಲವರೆಗೂ ಕೆಸರು. ಇಬ್ಬರಿಗೆ ರೈಲು, ಟ್ಯಾಕ್ಸಿ, ಊಟ ಎಲ್ಲ ಸೇರಿ 110 ಪೌಂಡ್ ಹತ್ರ ಹೋಯ್ತು ಅಂತ ನೆನಪು.

ಎರಡನೇ ಸಲ ಮೇ ಮೂರನೇ ವಾರ. ಹೂವು ಮುಗಿದಿತ್ತು, ದಳ ಎಲ್ಲ ನೆಲದ ಮೇಲೆ ಕಂದು ಬಣ್ಣಕ್ಕೆ ತಿರುಗಿ ಬಿದ್ದಿದ್ವು. ಅದಕ್ಕಿಂತ ಕೆಟ್ಟದ್ದು ದಾರಿ. ಫೋನಿನ ಮ್ಯಾಪ್ ನಂಬ್ಕೊಂಡು ನಡೆದೆ, ಅದು ಎರಡೂ ಕಡೆ ಆಳೆತ್ತರದ ಬೇಲಿ ಇರೋ ಸಣ್ಣ ರೋಡಿಗೆ ತಂದು ಹಾಕ್ತು, ಫುಟ್‌ಪಾತ್ ಇಲ್ಲ, ಕಾರುಗಳು ಶರವೇಗದಲ್ಲಿ ಬರ್ತಾವೆ. ಅರ್ಧದಿಂದ ವಾಪಸ್ ಬಂದೆ. ಮಾರನೇ ದಿನಾನೇ ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯವರ ಎಕ್ಸ್‌ಪ್ಲೋರರ್ 149 ಪೇಪರ್ ಮ್ಯಾಪ್ ತಗೊಂಡೆ. ಅದರಲ್ಲಿ ಹಸಿರು ತುಂಡು ಗೆರೆ ಇದ್ದ ಕಡೆ ತೋಟದ ಮಧ್ಯದಲ್ಲೇ ಆದ್ರೂ ನಡೆಯೋ ಹಕ್ಕು ಎಲ್ಲರಿಗೂ ಇದೆ, ಆ ಗೆರೆ ಬಿಟ್ಟು ಹತ್ತು ಹೆಜ್ಜೆ ಆಚೆ ಹೋದ್ರೆ ಇಲ್ಲ.

ಅದನ್ನ ಮೂರನೇ ಸಲ ಕಲಿತೆ. ಆಗಸ್ಟಲ್ಲಿ ಬಾಣದ ಗುರುತು ತಪ್ಪಿ ಒಂದು ತೋಟದ ಸಾಲಿನೊಳಗೆ ಹೋಗ್ಬಿಟ್ಟಿದ್ವಿ, ಟ್ರ್ಯಾಕ್ಟರಲ್ಲಿದ್ದವರು ಇಳಿದು ಬಂದು ಔಷಧಿ ಹೊಡೆದಿದೀವಿ, ಹೊರಗೆ ಹೋಗಿ ಅಂತ ಗಟ್ಟಿಯಾಗೇ ಹೇಳಿದ್ರು. ತಪ್ಪು ನಮ್ಮದೇ. ವಾಪಸ್ ಬರೋವಾಗ ರೈಲು ಕ್ಯಾನ್ಸಲ್, ಬದಲಿ ಬಸ್ಸು, ಮನೆ ಸೇರಿದಾಗ ರಾತ್ರಿ ಹನ್ನೊಂದು.

ಈಗ ಕೈಗೂಡಿದ ಉಪಾಯಕ್ಕೆ ಬರ್ತೀನಿ. ಮೂರು ಸಲವೂ ನಾನು ಮಾಡಿದ ತಪ್ಪು ಒಂದೇ, ಊರಿಂದ ತೋಟದ ಕಡೆ ಹೊರಟಿದ್ದು. ಆ ಕಡೆ ನೆಲ ಏರ್ತಾ ಹೋಗುತ್ತೆ, ಕಣ್ಣ ಮುಂದೆ ಗುರಿ ಅಂತ ಏನೂ ಇರಲ್ಲ, ವಾಪಸ್ ಬರೋದ್ರೊಳಗೆ ಸಂತೆ ಎದ್ದಿರುತ್ತೆ. ಅದನ್ನ ತಿರುಗಿಸಿಬಿಟ್ಟೆ. ಲಂಡನ್ನಿಂದ ಬೆಳಿಗ್ಗೆ ಬೇಗ ಹೊರಟು ಫ್ಯಾವರ್ಶಮ್‌ನಲ್ಲಿ ಕ್ಯಾಂಟರ್ಬರಿ ಕಡೆ ರೈಲಿಗೆ ಬದಲಾಯಿಸಿ ಒಂದೇ ಸ್ಟೇಷನ್ ಮುಂದೆ ಹೋಗ್ಬೇಕು, ಅದೇ ಸೆಲ್ಲಿಂಗ್. ಐದಾರು ನಿಮಿಷದ ದಾರಿ. ಅಲ್ಲಿ ಇಳಿದು ತೋಟಗಳ ಮಧ್ಯೆ ಊರಿಗೆ ನಡ್ಕೊಂಡು ಬರೋದು, ಸುತ್ತಿ ಬಳಸಿ ಏಳೆಂಟು ಕಿಲೋಮೀಟರ್ ಇರ್ಬೋದು, ಒಟ್ಟಾರೆ ಇಳಿಜಾರು. ಫ್ಯಾವರ್ಶಮ್‌ನ ಸೇಂಟ್ ಮೇರಿ ಚರ್ಚಿನ ಗೋಪುರದ ತುದಿ ಕಲ್ಲಿನ ಕಿರೀಟದ ಥರ ಇದೆ, ಒಳಗಿಂದ ಆಕಾಶ ಕಾಣುತ್ತೆ, ಅದು ದೂರದಿಂದಾನೇ ಕಣ್ಣಿಗೆ ಬೀಳುತ್ತೆ. ಕಂಡ್ಮೇಲೆ ಅದನ್ನೇ ಹಿಡಿದು ನಡೆಯೋದು. ಎಂ2 ಹೈವೇ ಮಾತ್ರ ಎಲ್ಲಿ ದಾಟೋದು ಅಂತ ಮನೇಲೇ ಮ್ಯಾಪ್ ಮೇಲೆ ಗುರುತು ಮಾಡ್ಕೊಳ್ಳಿ. ಗೋಪುರ ಮೊದಲ ಸಲ ಎರಡು ಮರದ ಸಾಲಿನ ನಡುವೆ ಸರಿಯಾಗಿ ಬಂದು ನಿಲ್ಲೋ ಒಂದು ಜಾಗ ಇದೆ, ಅದನ್ನ ಮಾತ್ರ ಹೇಳಲ್ಲ, ನಡೆದವರಿಗೆ ಸಿಗುತ್ತೆ.

ಟಿಕೆಟ್ ಒಬ್ಬರಿಗೆ 30 ಪೌಂಡ್ ಆಸುಪಾಸು, ಮೂರು ಜನ ಒಟ್ಟಿಗೆ ಹೋದ್ರೆ ಗ್ರೂಪ್‌ಸೇವ್ ಅನ್ನೋ ರೈಲಿನ ರಿಯಾಯ್ತಿಯಲ್ಲಿ ಮೂರನೇ ಒಂದು ಭಾಗ ಉಳಿಯುತ್ತೆ. ನಾವು ನಾಲ್ಕು ಜನ, ಬುತ್ತಿ ಮನೆಯಿಂದಾನೇ, ಟ್ಯಾಕ್ಸಿ ಸೊನ್ನೆ. ಮೊದಲ ಸಲ ಇಬ್ಬರಿಗೆ ಆದ ಖರ್ಚಿಗಿಂತ ನಾಲ್ಕು ಜನಕ್ಕೆ ಕಮ್ಮಿ ಆಯ್ತು.

ಅಪ್ಪನಿಗೆ ಎಪ್ಪತ್ತೊಂದು, ಶ್ರೀನಿವಾಸಪುರದ ಹತ್ರ ಮಾವಿನ ತೋಟ ಮಾಡಿದವರು. ಕೋಟೆ, ಅರಮನೆ ಅಂತ ಎಲ್ಲಿಗೆ ಕರ್ಕೊಂಡು ಹೋದ್ರೂ ಬೆಂಚ್ ಹುಡುಕ್ತಿದ್ದವರು ಇಲ್ಲಿ ಒಂದು ಸಲ ಕೂರಲಿಲ್ಲ. ಮೊದಲ ಸಾಲಲ್ಲೇ ದಾರಿ ಪಕ್ಕ ಬಗ್ಗಿ ಬುಡ ನೋಡಿದ್ರು. ನೆಲದಿಂದ ಒಂದು ಗೇಣು ಮೇಲೆ ಮೊಣಕೈ ಥರ ಗಂಟು.

"ಕಸಿ ಕಣೋ ಇದು. ನೋಡು, ಕೆಳಗಿಂದು ಬೇರೆ ಗಿಡ, ಮೇಲಿಂದು ಬೇರೆ. ಇಷ್ಟು ಗಿಡ್ಡ ಯಾಕೆ ಇಟ್ಟವ್ರೆ?"

"ಅದು ಬೇರಿನ ಗಿಡದ ಗುಣ ಅಪ್ಪ. ಇಲ್ಲೇ ಕೆಂಟ್‌ನಲ್ಲಿ ಈಸ್ಟ್ ಮಾಲಿಂಗ್ ಅಂತ ಊರು, ಅಲ್ಲಿ ವಿಂಗಡಿಸಿದ್ದು, ಎಂ9 ಅಂತಾರೆ. ಗಿಡ ಎತ್ತರ ಹೋಗಲ್ಲ, ಏಣಿ ಇಲ್ದೆ ಕೀಳ್ಬೋದು."

ಆಮೇಲೆ ಹೂಗೊಂಚಲು ಹಿಡಿದು ತೋರ್ಸಿದ್ರು. ಐದಾರು ಹೂವಿನ ಗೊಂಚಲಲ್ಲಿ ನಡುವಿನದ್ದು ಮೊದಲು ಅರಳಿ ಬೆಳ್ಳಗಾಗಿದೆ, ಸುತ್ತ ಇರೋವು ಇನ್ನೂ ಗುಲಾಬಿ ಮೊಗ್ಗು. ಈ ಹೊತ್ತಲ್ಲಿ ಒಂದು ರಾತ್ರಿ ಹಿಮ ಬಿದ್ರೆ ಬೆಳೆ ಹೋಯ್ತು ಅಂದೆ. ಅದಕ್ಕೆ ಅಪ್ಪ, ನಮ್ಮಲ್ಲಿ ಹೂವಿಗೆ ಮಂಜು ಕವಿದ್ರೆ ಬೂದಿ ರೋಗ, ಜಿಗಿಹುಳ ಬರೋ ಥರಾನೇ ಅಂದ್ರು. ನಾಲ್ಕು ವರ್ಷ ಈ ದೇಶದಲ್ಲಿದ್ರೂ ಆ ನಡುವಿನ ಹೂವನ್ನ ನಾನು ಗಮನಿಸಿರಲಿಲ್ಲ. ಇನ್ನೂ ಮುಂದೆ ಹಳೇ ಕಾಲದ ಎತ್ತರದ ಚೆರ್ರಿ ಮರಗಳು, ಕೆಳಗೆ ಕುರಿ ಮೇಯ್ತಿದ್ವು. ಬೇಲಿ ದಾಟೋಕೆ ಮರದ ಮೆಟ್ಟಿಲು, ನನ್ನ ಹೆಂಡ್ತಿ ತೀರ್ಥಹಳ್ಳಿಯವಳು, ನೋಡಿದ ತಕ್ಷಣ "ಅತ್ತೆ, ಇದು ನಮ್ಮೂರ ತಡಮೆ, ಹುಷಾರಾಗಿ ಹತ್ತಿ" ಅಂತ ಅಮ್ಮನ ಕೈ ಹಿಡಿದ್ಲು.

ಹೂವಿನ ಲೆಕ್ಕ ಹೀಗಿಟ್ಕೊಳ್ಳಿ, ಪ್ಲಮ್ ಮೊದಲು, ಆಮೇಲೆ ಪೇರ್, ಚೆರ್ರಿ, ಕೊನೆಗೆ ಸೇಬು ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ. ಚಳಿ ನೋಡ್ಕೊಂಡು ಒಂದು ವಾರ ಹಿಂದೆ ಮುಂದೆ ಆಗುತ್ತೆ. ಊರ ಅಂಚಲ್ಲೇ ಬ್ರಾಗ್ಡೇಲ್ ಇದೆ, ದೇಶದ ಹಣ್ಣಿನ ತಳಿಗಳ ಸಂಗ್ರಹ, ಸೇಬೇ 2,000ಕ್ಕೂ ಮೇಲೆ, ಒಂದೊಂದು ತಳಿಗೆ ಎರಡೆರಡು ಮರ. ಅದಕ್ಕೆ ಬೇರೆ ದಿನಾನೇ ಇಡಿ, ನಡಿಗೆ ಜೊತೆ ಸೇರಿಸಿದ್ರೆ ಎರಡೂ ಕೆಡುತ್ತೆ.

ಮಧ್ಯಾಹ್ನ ಎರಡು ಗಂಟೆ ಒಳಗೆ ಸಂತೆ ಸೇರಿದ್ವಿ, ತರಕಾರಿ ಅಂಗಡಿಗಳು ಇನ್ನೂ ಇದ್ವು. ಊರ ಮಧ್ಯೆ ಶೆಪರ್ಡ್ ನೀಮ್ ಬ್ರೂವರಿ, 1698ರಿಂದ ಅಂತ ಲೆಕ್ಕ, ಬೀದಿ ತುಂಬ ಬೇಯಿಸಿದ ಧಾನ್ಯದ ವಾಸನೆ, ಅಮ್ಮ ರಾಗಿ ಅಂಬಲಿ ಕಾಯಿಸಿದಂಗಿದೆ ಅಂದ್ರು. ಅಲ್ಲಿಂದ ಅಬ್ಬೆ ಸ್ಟ್ರೀಟ್, ಮರದ ಚೌಕಟ್ಟಿನ ಹಳೇ ಮನೆಗಳ ಸಾಲು. 1950ರ ದಶಕದಲ್ಲಿ ಇದನ್ನ ಕೆಡವೋ ಹಂತಕ್ಕೆ ಬಂದು ಉಳಿಸಿಕೊಂಡ್ರು, ಉಳಿಸಿದವರಿಗೆ ದೊಡ್ಡ ನಮಸ್ಕಾರ. ಬೀದಿ ಹೆಸರಿಗೆ ಕಾರಣವಾದ ಮಠ ರಾಜ ಸ್ಟೀಫನ್ 1148ರಲ್ಲಿ ಕಟ್ಟಿಸಿದ್ದು, ಈಗ ಹೆಚ್ಚೇನೂ ಉಳಿದಿಲ್ಲ.

ಸೇಬಿನ ಪ್ರಯೋಗದ ಬಗ್ಗೆ ಹೇಳದೆ ಬಿಟ್ರೆ ಮನೇಲಿ ಬೈತಾರೆ. ಮೂರನೇ ಸಲದ ದುರದೃಷ್ಟದ ನಂತರ ಅಕ್ಟೋಬರಲ್ಲಿ ಸಂತೆಗೆ ಅಂತ ಮಾತ್ರ ಹೋಗಿ ಅಡುಗೆಗೆ ಅಂತಾನೇ ಬಳಸೋ ಬ್ರಾಮ್ಲಿ ಸೇಬು ಐದಾರು ಕೆಜಿ ಹೊತ್ಕೊಂಡು ಬಂದಿದ್ದೆ. ಹುಳಿ ಅಂದ್ರೆ ಹುಳಿ, ನಮ್ಮ ತೋತಾಪುರಿ ಕಾಯಿ ಹತ್ರ ಹತ್ರ. ತುರಿದು ಚಿತ್ರಾನ್ನ ಮಾಡಿದೆ, ಮೊದಲ ಸಲ ಒಗ್ಗರಣೇಲಿ ಐದು ನಿಮಿಷ ಬಿಟ್ಟು ಪೂರ್ತಿ ಪಾಯಸ ಆಯ್ತು, ಈ ಸೇಬು ಬಿಸಿ ತಾಗಿದ್ರೆ ಕರಗಿಬಿಡುತ್ತೆ. ಒಲೆ ಆರಿಸಿದ್ಮೇಲೆ ತುರಿ ಹಾಕಿ, ಅಷ್ಟೇ. ದಿಢೀರ್ ಉಪ್ಪಿನಕಾಯಿ ಸೂಪರ್, ಆದ್ರೆ ಹತ್ತು ದಿನಕ್ಕೆ ಬೂಸು ಬಂತು. ಈಗ ಮೂರು ವಾರ ಇರುತ್ತೆ, ಅದಕ್ಕೇನು ಹಾಕ್ತೀನಿ ಅನ್ನೋದು ಸದ್ಯಕ್ಕೆ ನಮ್ಮನೇಲೇ ಇರ್ಲಿ. ಕಾಕ್ಸ್ ಸೇಬಲ್ಲಿ ಗೊಜ್ಜು ಮಾಡ್ಬೇಡಿ, ಸಿಹಿ ಜಾಸ್ತಿ. ಆ ಕಾಕ್ಸ್ ಹುಟ್ಟಿದ್ದು ನಮ್ಮ ಸ್ಲೌ ಪಕ್ಕದ ಕೋಲ್ನ್‌ಬ್ರೂಕ್‌ನಲ್ಲಿ, 1825ರ ಆಸುಪಾಸು. ದಿನಾ ಬಸ್ಸಲ್ಲಿ ದಾಟಿ ಹೋಗ್ತಿದ್ದ ಜಾಗ, ಕೆಂಟ್ ಸಂತೇಲಿ ಸೇಬು ಮಾರೋ ಅಜ್ಜಿ ಹೇಳಿದ್ಮೇಲೆ ಗೊತ್ತಾಗಿದ್ದು.

ಈ ಅಕ್ಟೋಬರ್‌ಗೆ ಇನ್ನೊಂದು ದಿಕ್ಕು ನೋಡ್ತೀನಿ, ಫ್ಯಾವರ್ಶಮ್‌ಗಿಂತ ಒಂದು ಸ್ಟೇಷನ್ ಮುಂಚೆ ಟೇನಮ್‌ನಲ್ಲಿ ಇಳಿಯೋದು. ಎಂಟನೇ ಹೆನ್ರಿಯ ಹಣ್ಣಿನ ಅಧಿಕಾರಿ ರಿಚರ್ಡ್ ಹ್ಯಾರಿಸ್ 1533ರಲ್ಲಿ ತೋಟ ಎಬ್ಬಿಸಿದ ಊರು ಅದು. ಮ್ಯಾಪ್ ಮೇಲೆ ಪೆನ್ಸಿಲ್ ಗೆರೆ ಹಾಕಿ ಆಗಿದೆ. ಬ್ರಾಮ್ಲಿಗೆ ಅಂತ ಅಮ್ಮ ಊರಿಗೆ ಹೋಗೋ ಮುಂಚೆ ಎರಡು ಗಟ್ಟಿ ಕೈಚೀಲ ಹೊಲಿದು ಇಟ್ಟಿದ್ದಾರೆ.