ಅಭಿಮಾನವೂ ಬೇಡ, ಗರಡಿಯೂ ಬೇಡ, ಮೊದಲು ಬೀಳುವುದನ್ನು ಕಲಿಯಿರಿ: ಪ್ರೊ ರೆಸ್ಲಿಂಗ್‌ಗೆ ತಡವಾಗಿ ಬರುವವರಿಗೆ

ಚಿಕ್ಕಂದಿನಿಂದ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ಟ್ರಂಪ್ ಕಾರ್ಡ್ ಕೂಡಿಟ್ಟುಕೊಂಡು ಬೆಳೆದವರೇ ಪ್ರೊ ರೆಸ್ಲಿಂಗ್‌ನ, ಅಂದರೆ ಫಲಿತಾಂಶ ಮೊದಲೇ ಗೊತ್ತುಮಾಡಿಕೊಂಡು ಆಡುವ ಕುಸ್ತಿ ಪ್ರದರ್ಶನದ, ರಿಂಗಿಗೆ ಅರ್ಹರು ಎನ್ನುವ ಅಭಿಮಾನಿಗಳಿದ್ದಾರೆ. ಗರಡಿಯಲ್ಲೋ ಮ್ಯಾಟ್ ಮೇಲೋ ಬೆವರು ಸುರಿಸಿದವನೇ ಅಸಲಿ, ಮಿಕ್ಕವರೆಲ್ಲ ನಟರು ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ನಿಲ್ಲುವುದಿಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಫ್ರೀಸ್ಟೈಲ್‌ನಲ್ಲಿ ಚಿನ್ನ ಗೆದ್ದ ಕರ್ಟ್ ಆಂಗಲ್‌ಗೆ ಆಗ ಪ್ರೊ ರೆಸ್ಲಿಂಗ್ ಎಂದರೆ ತಾತ್ಸಾರ. 1998ರಲ್ಲಿ ಅದೇ ಡಬ್ಲ್ಯುಡಬ್ಲ್ಯುಎಫ್ ಕಂಪನಿ ಸೇರಿದರು, 1999ರ ನವೆಂಬರ್‌ನಲ್ಲಿ ಟಿವಿಗೆ ಬಂದರು, 2000ರ ಅಕ್ಟೋಬರ್‌ನಲ್ಲಿ ಚಾಂಪಿಯನ್ ಆಗಿಬಿಟ್ಟರು. ಟೋಕಿಯೊದಲ್ಲಿ ಚಿನ್ನ ಗೆದ್ದ ಗೇಬಲ್ ಸ್ಟೀವ್‌ಸನ್ 2021ರಲ್ಲಿ ಅದೇ ದಾರಿ ಹಿಡಿದರು. ಕುಸ್ತಿಗೇನೂ ಕೊರತೆ ಇರಲಿಲ್ಲ, ಆದರೂ 2024ರಲ್ಲಿ ಕಂಪನಿ ಅವರನ್ನು ಬಿಟ್ಟಿತು. ಇತ್ತ ಗಾಯಕ ಬ್ಯಾಡ್ ಬನ್ನಿ ಕುಸ್ತಿಯವರಲ್ಲ. ಒರ್ಲ್ಯಾಂಡೊದ ತರಬೇತಿ ಕೇಂದ್ರದಲ್ಲಿ ತಿಂಗಳುಗಟ್ಟಲೆ ಕಲಿತು ಕಂಪನಿಯ ವರ್ಷದ ದೊಡ್ಡ ಪ್ರದರ್ಶನವಾದ ರೆಸಲ್‌ಮೇನಿಯಾಕ್ಕೆ 2021ರಲ್ಲಿ ಇಳಿದರು, ನಗಲು ಕಾದಿದ್ದವರೇ ಚಪ್ಪಾಳೆ ತಟ್ಟಿದರು.

ಪ್ರೇಕ್ಷಕ ನಿಮ್ಮ ಜಾತಕ ಕೇಳುವುದಿಲ್ಲ. ನೀವು ಬಿದ್ದದ್ದು ಬಿದ್ದಂತೆ ಕಾಣುತ್ತದೋ ಇಲ್ಲವೋ, ಅಷ್ಟೇ ನೋಡುತ್ತಾನೆ. ಅದು ಕಲಿತೇ ಬರಬೇಕಾದ್ದು.

ಎಲ್ಲಿ ಕಲಿಯುವುದು

ನಮ್ಮ ದೇಶದಲ್ಲಿ ಹೆಚ್ಚು ಹೆಸರಿರುವುದು ಜಲಂಧರ್‌ನಲ್ಲಿ ದಿ ಗ್ರೇಟ್ ಖಲಿ 2015ರಲ್ಲಿ ಶುರುಮಾಡಿದ ಶಾಲೆ. ವೇಟ್‌ಲಿಫ್ಟಿಂಗ್‌ನಿಂದ ಬಂದ ಕವಿತಾ ದೇವಿ ಅಲ್ಲಿಂದಲೇ ಡಬ್ಲ್ಯುಡಬ್ಲ್ಯುಇ ತಲುಪಿದ್ದು. ಶಾಲೆ ಯಾವುದೇ ಇರಲಿ, ದುಡ್ಡು ಕಟ್ಟುವ ಮೊದಲು ಒಂದು ದಿನ ಸುಮ್ಮನೆ ಕೂತು ನೋಡಿ. ಹೊಸಬರನ್ನು ಮೊದಲು ದಪ್ಪ ಮ್ಯಾಟ್ ಮೇಲೆ ಬೀಳಿಸುತ್ತಾರೋ, ನೇರವಾಗಿ ರಿಂಗಿಗೆ ಎಸೆಯುತ್ತಾರೋ? ರಿಂಗಿನ ಹಲಗೆಗಳ ನಡುವೆ ಸಂದು ಬಿಟ್ಟಿದೆಯೋ? ತಲೆಗೆ ಪೆಟ್ಟಾದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ನಕ್ಕರೋ? ನಕ್ಕರೆ ಅಲ್ಲಿಂದ ಎದ್ದು ಬನ್ನಿ.

ರಿಂಗ್ ಮೆತ್ತಗಿರುತ್ತದೆ ಎಂಬುದು ಟಿವಿ ನೋಡುವವರ ಭ್ರಮೆ. ಕಬ್ಬಿಣದ ಚೌಕಟ್ಟು, ಅದರ ಮೇಲೆ ಮರದ ಹಲಗೆ, ಅದರ ಮೇಲೆ ತೆಳ್ಳಗೆ ಫೋಮ್, ಮೇಲೊಂದು ಕ್ಯಾನ್ವಾಸ್. ಡಬ್ಲ್ಯುಡಬ್ಲ್ಯುಇ ರಿಂಗ್ 20 ಅಡಿ ಚೌಕ, ಸಣ್ಣ ಕಂಪನಿಗಳದ್ದು 16 ಅಥವಾ 18. ಮನೆಯ ಹಾಸಿಗೆ ಮೇಲೆ ಅಭ್ಯಾಸ ಮಾಡುವವರು ಇನ್ನೊಂದು ತಪ್ಪು ಕಲಿಯುತ್ತಾರೆ. ಹಾಸಿಗೆ ತಲೆಯನ್ನು ತಾನೇ ಹಿಡಿದುಕೊಳ್ಳುವುದರಿಂದ ಕತ್ತು ಬಿಗಿಹಿಡಿಯುವ ಅಭ್ಯಾಸವೇ ಆಗುವುದಿಲ್ಲ, ಆಮೇಲೆ ಹಲಗೆ ಮೇಲೆ ತಲೆ ಕುಟ್ಟುತ್ತದೆ.

ಕತ್ತು, ಆಮೇಲೆ ಬಂಪ್

ದಂಡ, ಬಸ್ಕಿ ಹೊಡೆದು ಗೊತ್ತಿದ್ದವರಿಗೆ ಇಲ್ಲಿ ಲಾಭವಿದೆ. ಜಪಾನಿನ ಡೋಜೊಗಳಲ್ಲಿ (ತರಬೇತಿ ಶಾಲೆಗಳಲ್ಲಿ) ಹೊಸಬರಿಂದ ನೂರಾರು ಬಸ್ಕಿ ಹೊಡೆಸುತ್ತಾರೆ. ಆ ಪದ್ಧತಿಯನ್ನು ಅಲ್ಲಿ ಬೇರೂರಿಸಿದ ಕಾರ್ಲ್ ಗೋಚ್ ನಮ್ಮ ಪೈಲ್ವಾನರ ದಂಡ, ಬಸ್ಕಿ, ಗದೆಯ ಸಾಧನೆಯನ್ನೇ ತಮ್ಮದಾಗಿಸಿಕೊಂಡವರು. ಜೊತೆಗೆ ಕತ್ತಿನ ಕೆಲಸ ಬೇಕೇಬೇಕು: ಅಂಗಾತ ಮಲಗಿ ಗಲ್ಲವನ್ನು ಎದೆಗೆ ತಾಗಿಸುವುದು, 20ರಂತೆ ಮೂರು ಸಲ. ಅಂಗೈಯಿಂದ ನಾಲ್ಕೂ ಕಡೆಯಿಂದ ತಲೆಯನ್ನು ಒತ್ತಿ, ಕತ್ತನ್ನು ಅಲುಗಿಸದೆ 10 ಸೆಕೆಂಡ್ ತಡೆಯುವುದು. ಗಲ್ಲವನ್ನು ಎದೆಗೊತ್ತಿ ಮುಕ್ಕಾಲು ನಿಮಿಷ ಹಿಡಿಯಲಾಗದಿದ್ದರೆ ಬಂಪ್ ತೆಗೆದುಕೊಳ್ಳಲು, ಅಂದರೆ ರಿಂಗಿನಲ್ಲಿ ಪೆಟ್ಟಾಗದಂತೆ ಬೀಳಲು, ಇನ್ನೂ ಸಮಯವಾಗಿಲ್ಲ.

ಬೆನ್ನ ಮೇಲಿನ ಬಂಪ್ ಕುಕ್ಕರಗಾಲಲ್ಲಿ ಕೂತು ಶುರುವಾಗಬೇಕು, ನಿಂತಲ್ಲ. ಗಲ್ಲ ಎದೆಗೆ, ಕಣ್ಣು ಹೊಕ್ಕಳಿಗೆ, ಕೈ ಎದೆಯ ಮೇಲೆ ಅಡ್ಡ. ಹಿಂದಕ್ಕೆ ಉರುಳಿ ಎರಡು ಹೆಗಲ ಮೂಳೆಗಳ ನಡುವಿನ ಭಾಗ ನೆಲ ಮುಟ್ಟುವ ಕ್ಷಣಕ್ಕೇ ಎರಡೂ ಕೈ ಬಿಚ್ಚಿ, ಮೈಯಿಂದ 45 ಡಿಗ್ರಿಯಲ್ಲಿ, ಅಂಗೈ ಕೆಳಗಾಗಿ ಕ್ಯಾನ್ವಾಸನ್ನು ಬಡಿಯಬೇಕು. ಉಸಿರು ಅದೇ ಕ್ಷಣ ಹೊರಗೆ. ಹಿಡಿದಿಟ್ಟರೆ ಎದೆ ಕಟ್ಟಿದಂತಾಗಿ ಒಂದಷ್ಟು ಹೊತ್ತು ಉಸಿರೇ ಬರುವುದಿಲ್ಲ. ಮಂಡಿ ಮಡಚಿ ಪಾದ ನೆಲಕ್ಕೂರಿರಲಿ. ಇದು ಸಲೀಸಾದ ಮೇಲೆ ಅರ್ಧ ನಿಂತು, ಆಮೇಲೆ ಪೂರ್ತಿ ನಿಂತು.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಭಯಕ್ಕೆ ಕೈಯನ್ನು ಹಿಂದಕ್ಕೆ ಊರಿದರೆ ಮಣಿಕಟ್ಟೋ ಮೊಣಕೈಯೋ ಹೋಗುತ್ತದೆ. ಅಂಡಿನ ಮೇಲೆ ಕೂತಂತೆ ಬಿದ್ದರೆ ಪೆಟ್ಟು ಬೆನ್ನುಮೂಳೆಗುಂಟ ಮೇಲೇರುತ್ತದೆ. ಕೊನೆಯದು ಸುಸ್ತು: ಮೊದಲ ಹತ್ತು ಚೆನ್ನಾಗಿ ಬಿದ್ದವನು ಹದಿನೆಂಟನೆಯದಕ್ಕೆ ಗಲ್ಲ ಸಡಿಲ ಬಿಡುತ್ತಾನೆ. ಆರಂಭದ ವಾರಗಳಲ್ಲಿ ದಿನಕ್ಕೆ 10–15 ಸಾಕು. ತಲೆನೋವು, ಮಂಪರು, ವಾಕರಿಕೆ ಬಂದರೆ ಅಂದಿಗೆ ನಿಲ್ಲಿಸಿ, ಡಾಕ್ಟರಿಗೆ ತೋರಿಸದೆ ಮತ್ತೆ ಬೀಳಬೇಡಿ.

ಗರಡಿಯವರು ಬಿಡಬೇಕಾದ್ದು

ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್. ವರ್ಷಗಟ್ಟಲೆ ಅದನ್ನೇ ರೂಢಿಸಿಕೊಂಡ ಮೈ ಎತ್ತಿ ಹಾಕಿದ ಕೂಡಲೇ ಗಾಳಿಯಲ್ಲೇ ಹೊಟ್ಟೆಗೆ ತಿರುಗುತ್ತದೆ. ಪ್ರೊ ರಿಂಗಿನಲ್ಲಿ ಇದರಷ್ಟು ಅಪಾಯದ ಚಟ ಇನ್ನೊಂದಿಲ್ಲ, ಎತ್ತಿದವನ ಲೆಕ್ಕವೂ ತಪ್ಪಿ ಇಬ್ಬರೂ ವಾಲಿ ಬೀಳುತ್ತಾರೆ. ಸ್ಲ್ಯಾಮ್ (ಎತ್ತಿ ಬೆನ್ನ ಮೇಲೆ ಕೆಡವುವ ಪಟ್ಟು) ಕಲಿಯುವ ಮುಂಚೆ ಜೋಡಿಯ ಸೊಂಟದೆತ್ತರದಿಂದ ಮೆಲ್ಲಗೆ ಇಳಿಸಿಕೊಂಡು, ತಿರುಗದೆ ಬೆನ್ನು ಕೊಡುವುದನ್ನೇ ಹತ್ತಾರು ಸಲ ಮಾಡಬೇಕು.

ಹಿಡಿತವೂ ಬದಲಾಗಬೇಕು. ಪಂದ್ಯದ ಶುರುವಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಳ್ಳುವ ಲಾಕ್‌ಅಪ್‌ನಲ್ಲಿ ಎಡಗೈ ಎದುರಾಳಿಯ ಕತ್ತಿನ ಹಿಂದೆ, ಬಲಗೈ ಅವನ ಮೊಣಕೈ ಒಳಗೆ, ಎಡಗಾಲು ಮುಂದೆ. ದೇಹ ಬಿಗಿಯಾಗಿ ಕಾಣಬೇಕು, ಬೆರಳು ಸಡಿಲವಿರಬೇಕು. ಅಮೆರಿಕದ ಶೈಲಿಯಲ್ಲಿ ಹೆಡ್‌ಲಾಕ್ (ತಲೆಯನ್ನು ತೋಳಲ್ಲಿ ಬಿಗಿಯುವುದು), ಕೈತಿರುವು ಎಲ್ಲ ಎಡಬದಿಗೆ, ಮೆಕ್ಸಿಕೊದ ಲೂಚಾ ಶೈಲಿಯಲ್ಲಿ ಬಲಬದಿಗೆ. ಗರಡಿಯಲ್ಲಿ ಸಿಕ್ಕ ಕಡೆಗೆ ಪಟ್ಟು ಹಾಕಿ ಪಳಗಿದವರು ಇಲ್ಲಿ ಜೋಡಿಗೆ ಒಗಟಾಗುತ್ತಾರೆ.

ರಿಂಗಿನ ಹಗ್ಗಕ್ಕೆ ಓಡಿ ಬೆನ್ನು ಕೊಟ್ಟು ಮರಳುವ ಹಗ್ಗದ ಓಟಕ್ಕೆ ಎಲ್ಲರೂ ಹೊಸಬರೇ. ಮೂರು ಹೆಜ್ಜೆ, ತಿರುಗು, ಬೆನ್ನ ಪಕ್ಕ ಹಗ್ಗಕ್ಕೆ, ಬಲಗೈಯಲ್ಲಿ ಮೇಲಿನ ಹಗ್ಗ ಹಿಡಿ. ಕೈ ಬಿಟ್ಟರೆ ಹೊರಗೆ ಉರುಳಬಹುದು. ಮೊದಲ ವಾರ ಕಂಕುಳ ಕೆಳಗೆ ನೀಲಿಗಟ್ಟುವುದು ಮಾಮೂಲು.

ಅಭಿಮಾನಿಗಳು ಬಿಡಬೇಕಾದ್ದು

ಇವರ ತೊಂದರೆ ಉಲ್ಟಾ. ಮೊದಲ ದಿನವೇ ಮೇಲಿನ ಹಗ್ಗದಿಂದ ಹಾರುವ ಆಸೆ, ಪೆಟ್ಟು ಬಿದ್ದಾಗ ಬಯಲಾಟದ ರಕ್ಕಸನ ಹಾಗೆ ಒದ್ದಾಟ. ಪೆಟ್ಟನ್ನು ಸೆಲ್ ಮಾಡುವುದರಲ್ಲಿ, ಅಂದರೆ ನೋವಾದಂತೆ ನಂಬಿಸುವುದರಲ್ಲಿ, ನೆನಪೇ ಮುಖ್ಯ: ಎರಡನೇ ನಿಮಿಷದಲ್ಲಿ ಎಡಮಂಡಿಗೆ ಒದೆಸಿಕೊಂಡವನು ಎಂಟನೇ ನಿಮಿಷದಲ್ಲಿ ಅದೇ ಕಾಲಲ್ಲಿ ಜಿಗಿದರೆ ಹಿಂದಿನ ಸಾಲಿನ ಹುಡುಗನೂ ನಗುತ್ತಾನೆ. ಅಭಿಮಾನವೇ ಇಲ್ಲದವರು ಇದು ಗೊತ್ತಿಲ್ಲದ ಕೊರತೆಯನ್ನು ಪಂದ್ಯ ನೋಡಿ ತುಂಬಿಕೊಳ್ಳಬಹುದು. ಒಂದೇ ಪಂದ್ಯವನ್ನು ಮೂರು ಸಲ ನೋಡಿ: ಒಮ್ಮೆ ಸುಮ್ಮನೆ, ಒಮ್ಮೆ ಸದ್ದು ನಿಲ್ಲಿಸಿ ಪಾದಗಳನ್ನಷ್ಟೇ, ಒಮ್ಮೆ ಪೆಟ್ಟು ತಿನ್ನುವವನನ್ನಷ್ಟೇ. 1987ರ ರೆಸಲ್‌ಮೇನಿಯಾದ ಸ್ಯಾವೇಜ್–ಸ್ಟೀಮ್‌ಬೋಟ್ ಪಂದ್ಯ ಇದಕ್ಕೆ ಚೆನ್ನ. ಹೆಜ್ಜೆ ಹೆಜ್ಜೆಯನ್ನೂ ಮೊದಲೇ ಬರೆದಿಟ್ಟುಕೊಂಡು ಆಡಿದ್ದು ಅದು, ನೋಡುವಾಗ ಹಾಗನ್ನಿಸುವುದೇ ಇಲ್ಲ. ಬರಿಗೈಯಲ್ಲಿ ಎದೆಗೆ ಬಾರಿಸುವ ಚಾಪ್‌ನಲ್ಲಿ ಮಾತ್ರ ನಟನೆ ಕಡಿಮೆ: ಚಪ್ಪಟೆ ಅಂಗೈ, ಎದೆಯ ಮೇಲ್ಭಾಗಕ್ಕೆ, ಗಂಟಲಿಗೆ ಖಂಡಿತ ಅಲ್ಲ. ಉರಿಯುತ್ತದೆ, ಉರಿಯಲಿ.

ಮೊದಲ ಪಂದ್ಯ ಐದಾರು ನಿಮಿಷ ಮೀರದಿರಲಿ, ಕಣ್ಣುಮುಚ್ಚಿ ಮಾಡಬಲ್ಲ ಮೂರ್ನಾಲ್ಕು ಪಟ್ಟುಗಳು ಸಾಕು. ಪೆಟ್ಟು ನಿಜವಾಗಿಯೇ ಜೋರಾಗಿದ್ದರೆ ಜೋಡಿಯ ಕೈ ಹಿಸುಕಿ ತಿಳಿಸುವುದು ಹೇಗೆಂದು ಒಳಗೇ ಮಾತಾಡಿಕೊಳ್ಳಿ. ರೆಫರಿ ತಲೆ ಮೇಲೆ ಎರಡೂ ಕೈ ಅಡ್ಡ ಹಿಡಿದು ಕತ್ತರಿ ಗುರುತು ತೋರಿಸಿದರೆ ಆಟ ಅಲ್ಲಿಗೇ ನಿಂತಿತು, ಆಮೇಲೆ ಯಾರೂ ಯಾರನ್ನೂ ಮುಟ್ಟಬಾರದು.