ರೇಡಿಯೊ ಆ್ಯಂಟೆನಾ: ಅಳತೆ ಗೊತ್ತಿದ್ದರೆ ಎರಡು ತುಂಡು ತಂತಿ ಸಾಕು

ರೇಡಿಯೊ ಗೊರಗೊರ ಎನ್ನತೊಡಗಿದರೆ ಹೊಸ ಸೆಟ್ಟು ಕೊಳ್ಳುವ, ಇಲ್ಲವೇ ಬೂಸ್ಟರ್ ಹಾಕಿಸುವ ಯೋಚನೆಯೇ ಮೊದಲು ಬರುತ್ತದೆ. ಬೂಸ್ಟರ್ ದನಿಯೊಂದಿಗೆ ಗದ್ದಲವನ್ನೂ ಹಿಗ್ಗಿಸುತ್ತದೆ. ಆದ್ದರಿಂದ ಅದಕ್ಕೆ ಹಣ ಸುರಿಯುವ ಮುನ್ನ ಆ್ಯಂಟೆನಾದ ಉದ್ದ ಮತ್ತು ದಿಕ್ಕು ಸರಿಯಿವೆಯೇ ಎಂದು ನೋಡುವುದು ಜಾಣತನ.

ರೇಡಿಯೊ ತರಂಗವು ಲೋಹದ ತಂತಿಯನ್ನು ಹಾಯ್ದು ಹೋಗುವಾಗ ಅದರೊಳಗಿನ ಎಲೆಕ್ಟ್ರಾನುಗಳನ್ನು ಹಿಂದಕ್ಕೂ ಮುಂದಕ್ಕೂ ಓಲಾಡಿಸಿ ಅತ್ಯಲ್ಪ ವಿದ್ಯುತ್ತನ್ನು ಹುಟ್ಟಿಸುತ್ತದೆ. ತಂತಿಯ ಉದ್ದ ತರಂಗಾಂತರದ, ಅಂದರೆ ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿಯವರೆಗಿನ ದೂರದ, ಅರ್ಧದಷ್ಟಿದ್ದರೆ ಈ ಓಲಾಟ ಬಲಗೊಳ್ಳುತ್ತದೆ. ತರಂಗಾಂತರದ ಲೆಕ್ಕ ಸುಲಭ: 300ನ್ನು ಕೇಂದ್ರದ ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಮೀಟರ್‌ನಲ್ಲಿ ಉತ್ತರ ಸಿಗುತ್ತದೆ.

1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯ ಮೀಡಿಯಂ ವೇವ್ ಪ್ರಸಾರ 765 ಕಿಲೊಹರ್ಟ್ಸ್‌ನದು, ಅಂದರೆ 0.765 ಮೆಗಾಹರ್ಟ್ಸ್. ಅದರ ತರಂಗಾಂತರ ಸುಮಾರು 392 ಮೀಟರ್. ಅದರ ಅರ್ಧದಷ್ಟು ತಂತಿಯನ್ನು ಯಾರ ಮಾಳಿಗೆಯ ಮೇಲೂ ಎಳೆಯಲಾಗದು. ಅದಕ್ಕಾಗಿಯೇ ಸೆಟ್ಟಿನೊಳಗೆ ಆ್ಯಂಟೆನಾ ಆಗಿ ತೆಳು ತಾಮ್ರದ ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ ಇರುತ್ತದೆ. ಕಡ್ಡಿಯ ತುದಿ ಕೇಂದ್ರದ ಕಡೆಗಿದ್ದರೆ ದನಿ ಕುಗ್ಗುತ್ತದೆ, ಮಗ್ಗುಲು ತಿರುಗಿದರೆ ಏರುತ್ತದೆ. ಗದಗಿನಿಂದ ಧಾರವಾಡ ಪಶ್ಚಿಮಕ್ಕಿರುವುದರಿಂದ ಅಲ್ಲಿನವರು ಕಡ್ಡಿ ದಕ್ಷಿಣೋತ್ತರವಾಗುವಂತೆ ಸೆಟ್ಟನ್ನು ಇಡಬೇಕು. ಪಕ್ಕದಲ್ಲಿ ಎಲ್‌ಇಡಿ ಬಲ್ಬು ಅಥವಾ ಮೊಬೈಲ್ ಚಾರ್ಜರ್ ಇದ್ದರೆ ಮೊದಲು ಅದನ್ನು ಆರಿಸಿ ನೋಡಿ.

ಎಫ್‌ಎಂನಲ್ಲಿ ಅಳತೆ ಕೈಗೆಟಕುತ್ತದೆ. 100 ಮೆಗಾಹರ್ಟ್ಸ್‌ಗೆ ತರಂಗಾಂತರ 3 ಮೀಟರ್, ಅರ್ಧ ಒಂದೂವರೆ ಮೀಟರ್. ತಂತಿಯಲ್ಲಿ ಇದಕ್ಕಿಂತ ಸುಮಾರು ಶೇ 5ರಷ್ಟು ಕಡಿಮೆ ಉದ್ದವೇ ಸರಿಹೊಂದುವುದರಿಂದ ಒಂದೊಂದು ತೋಳಿಗೆ 71 ಸೆಂಟಿಮೀಟರ್ ಬರುತ್ತದೆ. ಹೀಗೆ ನಡುವೆ ಕತ್ತರಿಸಿದ ಎರಡು ತೋಳಿನ ಆ್ಯಂಟೆನಾಕ್ಕೆ ಡೈಪೋಲ್ ಎನ್ನುತ್ತಾರೆ. ಮೊಬೈಲಿನಲ್ಲಿ ಎಫ್‌ಎಂ ಕೇಳಲು ಇಯರ್‌ಫೋನ್ ಚುಚ್ಚಲೇಬೇಕಾಗುವುದು ಅದರ ತಂತಿಯೇ ಆ್ಯಂಟೆನಾ ಆಗಿರುವುದರಿಂದ.

ಡೈಪೋಲ್ ಕಟ್ಟಲು ಒಂದೂವರೆ ಮೀಟರ್ ಪಿವಿಸಿ ಪೈಪು, ಮನೆ ವೈರಿಂಗಿನ ತಾಮ್ರದ ತಂತಿ ಮತ್ತು ಡಿಶ್ ಕೇಬಲ್ ತನ್ನಿ. 71 ಸೆಂಟಿಮೀಟರಿನ ಎರಡು ತಂತಿಗಳನ್ನು ಪೈಪಿನುದ್ದಕ್ಕೂ ಕಟ್ಟಿ, ನಡುವೆ ಒಂದು ಬೆರಳಿನಷ್ಟು ಜಾಗ ಬಿಡಿ. ಕೇಬಲ್ಲಿನ ಹೊರಗಿನ ರಬ್ಬರನ್ನು ಒಂದು ಅಂಗುಲ ಸುಲಿದು, ಅದರಡಿಯ ಲೋಹದ ಎಳೆಗಳ ಜಾಳಿಗೆಯನ್ನು ಒಂದು ಮಗ್ಗುಲಿಗೆ ಹೊಸೆದುಕೊಳ್ಳಿ. ಇಲ್ಲಿ ಅವಸರ ಬೇಡ: ಜಾಳಿಗೆಯ ಕೂದಲಿನಂಥ ಒಂದೇ ಎಳೆ ನಡುತಂತಿಗೆ ತಾಕಿದರೂ ಆ್ಯಂಟೆನಾ ಸತ್ತಂತೆಯೇ. ನಡುತಂತಿಯನ್ನು ಒಂದು ತೋಳಿಗೆ, ಜಾಳಿಗೆಯನ್ನು ಇನ್ನೊಂದಕ್ಕೆ ಬೆಸುಗೆ ಹಾಕಿ, ನೀರು ಇಳಿಯದಂತೆ ಟೇಪು ಬಿಗಿಯಾಗಿ ಸುತ್ತಿ. ಡೈಪೋಲಿನ ತಡೆ ಸುಮಾರು 73 ಓಮ್, ಕೇಬಲ್ಲಿನದು 75. ಹೀಗಾಗಿ ನಡುವೆ ಬೇರೆ ಸಾಧನ ಬೇಕಿಲ್ಲ. ಕೆಳತುದಿಯನ್ನು ರೇಡಿಯೊದ ಆ್ಯಂಟೆನಾ ಸಾಕೆಟ್ಟಿಗೆ ಜೋಡಿಸಿ.

ಆಮೇಲೆ ದಿಕ್ಕು. ಪೈಪಿನ ಮಗ್ಗುಲು ಕೇಂದ್ರದ ಕಡೆಗಿರಲಿ, ತುದಿಯಲ್ಲ. ಒಮ್ಮೆ ಅಡ್ಡವಾಗಿ, ಒಮ್ಮೆ ನಿಲುವಾಗಿ ಹಿಡಿದು ಕೇಳಿ, ದನಿ ತಿಳಿಯಾಗುವ ರೀತಿಯಲ್ಲೇ ಕಟ್ಟಿ. ಎಫ್‌ಎಂ ತರಂಗ ಬಹುಮಟ್ಟಿಗೆ ನೇರವಾಗಿ ಚಲಿಸುವುದರಿಂದ, ಹುಬ್ಬಳ್ಳಿಯ ನೃಪತುಂಗ ಬೆಟ್ಟದಂಥ ದಿಬ್ಬ ಕೇಂದ್ರಕ್ಕೂ ಮನೆಗೂ ನಡುವೆ ಅಡ್ಡ ಬಂದರೆ ಎತ್ತರವೇ ಮುಖ್ಯವಾಗುತ್ತದೆ. ತಗಡಿನ ಚಾವಣಿಯಿದ್ದರೆ ಅದರಿಂದ ಒಂದು ಮೀಟರಾದರೂ ಮೇಲಿರಲಿ.

ಹಾವೇರಿಯ ಅಂಚಿನ ಹಳ್ಳಿಗಳಂತೆ ದೂರವಿದ್ದವರಿಗೆ ಯಾಗಿ ಆ್ಯಂಟೆನಾ ಮೇಲು. ಜಪಾನಿನ ಉಡಾ ಮತ್ತು ಯಾಗಿ 1926ರ ಸುಮಾರಿಗೆ ರೂಪಿಸಿದ ಇದು ಹಳೆಯ ಟಿವಿಗಳಿಗೆಂದು ಮಾಳಿಗೆಗಳ ಮೇಲೆ ಕಟ್ಟುತ್ತಿದ್ದ ಮೀನಿನ ಮುಳ್ಳಿನಂಥ ಸಾಧನವೇ. ಕೇಬಲ್ ಜೋಡಣೆ ಒಂದೇ ಕಡ್ಡಿಗೆ. ಹಿಂದಿನ ತುಸು ಉದ್ದದ ಕಡ್ಡಿ ತರಂಗವನ್ನು ಮರಳಿಸಿದರೆ, ಮುಂದಿನ ಗಿಡ್ಡ ಕಡ್ಡಿಗಳು ಅದನ್ನು ಒಳಕ್ಕೆ ಹರಿಸುತ್ತವೆ. ಇನ್ನು ಡಿಶ್ಶಿನ ತಟ್ಟೆ ಬರೀ ಪ್ರತಿಫಲಕ. ತರಂಗವನ್ನು ಹಿಡಿಯುವುದು ಅದರೆದುರಿಗೆ ಚಾಚಿಕೊಂಡಿರುವ ಎಲ್‌ಎನ್‌ಬಿ ಎಂಬ ಪುಟ್ಟ ಸಾಧನ.

ಕಂಬ ನಿಲ್ಲಿಸುವ ಮುನ್ನ, ಅದು ಯಾವ ಕಡೆ ಬಿದ್ದರೂ ವಿದ್ಯುತ್ ತಂತಿಗೆ ತಾಕದಷ್ಟು ಅಂತರವಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಗೆ ಮೋಡ ಕವಿಯುತ್ತಿದ್ದಂತೆಯೇ ಕೇಬಲ್ಲನ್ನು ಸೆಟ್ಟಿನಿಂದ ಕಿತ್ತು ದೂರ ಇಡಬೇಕು. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಬಾರದು.