ಬಿ.ಎಸ್ಸಿ. ಆದ ಮೇಲೆ ನಾನು ದಾರಿ ಹುಡುಕಿದ್ದು ಹೀಗೆ

ಡಿಗ್ರಿ ಮುಗಿಯುವ ಹೊತ್ತಿಗೆ ಸಲಹೆಗೆ ಬರಗಾಲ ಇರುವುದಿಲ್ಲ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ನನ್ನ ಕೆಮಿಸ್ಟ್ರಿ ಕೊನೆಯ ಸೆಮಿಸ್ಟರ್‌ಗೆ ಬಂದಾಗ ಮಾವನಿಗೆ ಬೆಂಗಳೂರು ಕಂಡಿತು, ನೆರೆಮನೆಯವರಿಗೆ ಗಲ್ಫ್, ಅಮ್ಮನಿಗೆ ಬಿ.ಎಡ್. ಯಾರ ಮಾತನ್ನೂ ತಳ್ಳಿಹಾಕಲಿಲ್ಲ. ಆದರೆ ಸಲಹೆ ಕೇಳುವ ಬದಲು ದಿನಚರಿ ಕೇಳತೊಡಗಿದೆ. ನನಗಿಂತ ಮೂರು-ನಾಲ್ಕು ವರ್ಷ ಮೊದಲು ಕಲಿತು ಹೋದವರನ್ನು ಹಿಡಿದು, "ಬೆಳಗ್ಗೆ ಹೋಗಿ ಸಂಜೆವರೆಗೆ ಎಂತ ಮಾಡ್ತೀರಿ?" ಎಂದು ವಿಚಾರಿಸಿದೆ.

ಮಂಗಳೂರು ಬಳಿಯ ಬೈಕಂಪಾಡಿಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದ ಅಕ್ಕ ಒಬ್ಬರು ಚೆನ್ನಾಗಿ ಬಿಡಿಸಿ ಹೇಳಿದರು. ಟ್ಯಾಂಕಿನಿಂದ ಸ್ಯಾಂಪಲ್ ಬರುತ್ತದೆ, ಬಣ್ಣ ತೋರಿಸುವ ಫಿನಾಲ್ಫ್ತಲೀನ್ ಹಾಕಿ ಟೈಟ್ರೇಶನ್ (ಆಮ್ಲ ಎಷ್ಟಿದೆ ಎಂದು ಅಳೆಯುವುದು), ತೆಳು ಗುಲಾಬಿ ನಿಂತ ಕೂಡಲೇ ಬ್ಯೂರೆಟ್ ಎಂಬ ಅಳತೆಯ ಕೊಳವೆ ಓದಿ ರಿಜಿಸ್ಟರಿಗೆ ಬರೆಯಬೇಕು, ಮುಂದಿನ ಸ್ಯಾಂಪಲ್. ತಪ್ಪು ಬರೆದರೆ ವೈಟ್ನರ್ ಹಾಕುವ ಹಾಗಿಲ್ಲ; ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ, ತಾರೀಕು. "ತಲೆಬಿಸಿ ಇಲ್ಲ ಮಾರಾಯ್ತಿ, ನೈಟ್ ಶಿಫ್ಟ್ ಒಂದು ಉಂಟು" ಎಂದರು. ಅವರಿಗದು ಒಗ್ಗಿತ್ತು. ದಿನವಿಡೀ ಮಾತಾಡದೆ ಕೆಲಸ ಮಾಡುವುದು ನನ್ನಿಂದ ಆಗದು ಎಂದು ಅಲ್ಲೇ ಗೊತ್ತಾಯಿತು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿ.ಪಿ.ಸಿ.ಆರ್.ಐ.ಯ ತಾತ್ಕಾಲಿಕ ಪ್ರಾಜೆಕ್ಟ್ ಕೆಲಸಗಳನ್ನೂ ವಿಚಾರಿಸಿದ್ದೆ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು.

ಅಧ್ಯಾಪನ ಒಗ್ಗುತ್ತದೋ ಎಂದು ತಿಳಿಯಲು ಬಿ.ಎಡ್. ಸೇರಿಯೇ ನೋಡಬೇಕಾಗಿಲ್ಲ. ಮನೆಯ ಜಗಲಿಯಲ್ಲಿ ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟ್ಯೂಶನ್ ಶುರು ಮಾಡಿದೆ. ಮೋಲ್ (ಅಣುಗಳನ್ನು ಲೆಕ್ಕ ಹಾಕುವ ಅಳತೆ) ಪಾಠದಲ್ಲಿ, 18 ಗ್ರಾಂ ನೀರಿನಲ್ಲಿ 6.022 × 10²³ ಅಣುಗಳಿವೆ ಎಂದೆ. "ಅದನ್ನು ಎಣಿಸಿದ್ದು ಯಾರು ಟೀಚರ್?" ಎಂದ ಒಬ್ಬ. ಮೂರು ವರ್ಷ ಆ ಸಂಖ್ಯೆಯನ್ನು ಲೆಕ್ಕಗಳಲ್ಲಿ ಬಳಸಿದ್ದೆ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಆ ರಾತ್ರಿ ಕೂತು ಓದಿದೆ. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಕುಣಿತವನ್ನು ಅಳೆದು ಫ್ರಾನ್ಸಿನ ಜಾನ್ ಪೆರಾಂ ಅದನ್ನು ಲೆಕ್ಕ ಹಾಕಿದ್ದ, 1926ರಲ್ಲಿ ನೊಬೆಲ್ ಪಡೆದ. ಮರುದಿನ ಅದನ್ನು ಹೇಳುವಾಗ ಹೊತ್ತು ಹೋದದ್ದೇ ತಿಳಿಯಲಿಲ್ಲ. ಆಮೇಲೆ ಹೆಚ್ಚು ಯೋಚಿಸಲಿಲ್ಲ.

ಉಳಿದದ್ದು ಕಾಗದಪತ್ರದ ಲೆಕ್ಕ. ಸರಕಾರಿ ಹುದ್ದೆಗಳಿಗೆ ಆಯ್ಕೆ ಮಾಡುವ ಕೇರಳ ಪಿ.ಎಸ್.ಸಿ.ಯ ಹಳೆಯ ಅಧಿಸೂಚನೆಗಳನ್ನು ತೆಗೆದು ಹಿಂದಿನಿಂದ ಓದಿದೆ: ಕೆಲಸ ಯಾವುದು, ಅದಕ್ಕೆ ಏನು ಬೇಕು, ಅದು ಕೈಸೇರಲು ಎಷ್ಟು ಸಮಯ. ಕನ್ನಡ ಮಾಧ್ಯಮ ಹೈಸ್ಕೂಲಿನ ಫಿಸಿಕಲ್ ಸೈನ್ಸ್ ಹುದ್ದೆಗೆ ಬಿ.ಎಸ್ಸಿ., ಬಿ.ಎಡ್., ಜೊತೆಗೆ ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ ಕೆ-ಟೆಟ್. ಹೈಯರ್ ಸೆಕೆಂಡರಿಗೆ ಎಂ.ಎಸ್ಸಿ., ಬಿ.ಎಡ್., ಮತ್ತು ಆ ಹಂತದ ಅರ್ಹತಾ ಪರೀಕ್ಷೆ ಸೆಟ್. ಕನ್ನಡ ಮಾಧ್ಯಮದಲ್ಲಿ ಹುದ್ದೆಗಳೂ ಕಡಿಮೆ, ಅರ್ಜಿ ಹಾಕುವವರೂ ಕಡಿಮೆ. ಕನ್ನಡ ಬಾರದ ಅಧ್ಯಾಪಕರು ಬಂದರೆಂದು ಇಲ್ಲಿ ಶಾಲೆಗಳ ಮುಂದೆ ಪ್ರತಿಭಟನೆಗಳು ನಡೆದಿವೆ. ವಿಷಯವೂ ಭಾಷೆಯೂ ಬಲ್ಲವರು ಬೇಕೇ ಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೊದಲು ಎಂ.ಎಸ್ಸಿ.ಯೋ ಬಿ.ಎಡ್.ಓ? ಎರಡಕ್ಕೂ ಎರಡೆರಡು ವರ್ಷ. ನೇಮಕ ಮಾಡಲು ಪಿ.ಎಸ್.ಸಿ. ಹೊರಡಿಸುವ ರ‍್ಯಾಂಕ್ ಲಿಸ್ಟ್ ಬಂದರೆ ಹೆಚ್ಚೆಂದರೆ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ, ಮತ್ತು ಆಗಷ್ಟೇ ಒಂದು ಬಂದಿತ್ತು. ಮುಂದಿನ ಅಧಿಸೂಚನೆಗೆ ಸಮಯವಿದೆ ಎಂದು ಎಂ.ಎಸ್ಸಿ.ಯನ್ನೇ ಮೊದಲಿಟ್ಟೆ. ಬಿ.ಎಡ್.ಗೆ ಯಾವಾಗಲೂ ಹೋಗಬಹುದು, ಕೆಲಸಕ್ಕೆ ಸೇರಿದ ಮೇಲೆ ಲ್ಯಾಬಿಗೆ ಮರಳುವುದು ಕಷ್ಟ. ಲಿಸ್ಟ್ ಮುಗಿಯುವ ಹಂತದಲ್ಲಿದ್ದಿದ್ದರೆ ಬಿ.ಎಡ್.ಗೇ ಹೋಗುತ್ತಿದ್ದೆ.

ಎಂ.ಎಸ್ಸಿ.ಗೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯವೂ ಮನಸ್ಸಿನಲ್ಲಿತ್ತು. ಆದರೆ ಕುಂಬಳೆಯವಳಾದ ನನಗೆ ಬಸ್ಸಿನಲ್ಲಿ ಗಡಿಯ ತಲಪಾಡಿ ದಾಟಿ ತೊಕ್ಕೊಟ್ಟಿನಲ್ಲಿ ಇಳಿದು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಹೋಗುವುದು ಸಲೀಸಾಯಿತು. ಇದಕ್ಕೊಂದು ಬಾಲ ಉಂಟು: ಕೇರಳದ ಹೊರಗಿನ ಪದವಿಗೆ ಇಲ್ಲಿ ತತ್ಸಮಾನ ಪ್ರಮಾಣಪತ್ರ ಕೇಳುವುದುಂಟು. ಸರ್ಟಿಫಿಕೇಟ್ ಕೈಗೆ ಬಂದ ವಾರವೇ ಅರ್ಜಿ ಹಾಕಿಬಿಟ್ಟೆ, ಅಧಿಸೂಚನೆಗೆ ಕಾಯಲಿಲ್ಲ.

ಐ.ಐ.ಟಿ.ಗಳ ಕಡೆ ಮನಸ್ಸಿರುವವರು ನನ್ನ ಕ್ರಮ ಹಿಡಿದರೆ ಆಗದು. ಅಲ್ಲಿ ಎಂ.ಎಸ್ಸಿ. ಸೇರಲು ಬರೆಯುವ ಜ್ಯಾಮ್ ಪರೀಕ್ಷೆ ಫೆಬ್ರವರಿಯಲ್ಲಿ, ಅಂದರೆ ಡಿಗ್ರಿ ಮುಗಿಯುವ ಮೊದಲೇ.

ಈಗ ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದೇನೆ. ಹೈಸ್ಕೂಲ್ ಅಧ್ಯಾಪಕರಿಗಿರುವ ಕೆ-ಟೆಟ್‌ನ ಮೂರನೇ ಕೆಟಗರಿಯಲ್ಲಿ 150 ಅಂಕಗಳಲ್ಲಿ 80 ವಿಷಯಕ್ಕೇ. ಫಿಸಿಕಲ್ ಸೈನ್ಸ್ ಎಂದರೆ ಫಿಸಿಕ್ಸೂ ಸೇರಿತು. ಕೆಮಿಸ್ಟ್ರಿಯವರು ಬೆಳಕು, ವಿದ್ಯುತ್ತಿನ ಪಾಠಗಳನ್ನು ಎಂಟನೇ ತರಗತಿಯ ಪುಸ್ತಕದಿಂದಲೇ ಹಿಡಿಯುವುದು ಒಳ್ಳೆಯದು. ನಾನು ಹಾಗೆಯೇ ಮಾಡಿದ್ದು.